ಹತ್ತು ತಿಂಗಳ ಲ್ಯಾಬ್ರಡಾರ್ ಆಗಾಗ ಮುಂಗಾಲು ಕುಂಟುತ್ತಿದೆ: ಕಾದು ನೋಡಬಹುದೇ, ಎಕ್ಸ್-ರೇ ಮಾಡಿಸಬೇಕೇ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಲ್ಯಾಬ್ರಡಾರ್ ಗಂಡುನಾಯಿ ಭೀಮನಿಗೆ ಈಗ ಹತ್ತು ತಿಂಗಳು, ತೂಕ 34 ಕಿಲೋ. ಸುಮಾರು ಒಂದೂವರೆ ತಿಂಗಳಿನಿಂದ ಅವನು ಎಡ ಮುಂಗಾಲನ್ನು ಕುಂಟುತ್ತಿದ್ದಾನೆ, ಆದರೆ ಸದಾ ಅಲ್ಲ. ಬೆಳಿಗ್ಗೆ ಮಲಗಿದಲ್ಲಿಂದ ಎದ್ದಾಗ ಮೊದಲ ಹತ್ತು ಹದಿನೈದು ಹೆಜ್ಜೆಗಳಲ್ಲಿ ಕುಂಟು ಸ್ಪಷ್ಟವಾಗಿ ಕಾಣುತ್ತದೆ. ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ನಡೆಯತೊಡಗುತ್ತಾನೆ. ಸಂಜೆ ಮೈದಾನದಲ್ಲಿ ನನ್ನ ಮಗ ಚೆಂಡು ಎಸೆದು ಆಡಿಸುವಾಗ ಉಳಿದ ನಾಯಿಗಳಿಗಿಂತ ಅವನೇ ಮುಂದೆ ಓಡುತ್ತಾನೆ, ಆದರೆ ಮನೆಗೆ ಬಂದು ಒಂದು ಗಂಟೆ ಮಲಗಿ ಎದ್ದರೆ ಮತ್ತೆ ಅದೇ ಕುಂಟು. ನಡುವೆ ನಾಲ್ಕೈದು ದಿನ ಪೂರ್ತಿ ಸರಿಯಾಗಿದ್ದುದೂ ಉಂಟು.

ಅವನು ಅಳುವುದಿಲ್ಲ, ಊಟ ಬಿಟ್ಟಿಲ್ಲ, ಕಾಲನ್ನು ಮುಟ್ಟಿದರೆ ಸಿಟ್ಟಾಗುವುದೂ ಇಲ್ಲ. ನಾವು ತೋರಿಸಿದ ಒಂದು ಚಿಕಿತ್ಸಾಲಯದಲ್ಲಿ ಉಳುಕಿರಬಹುದೆಂದು ಒಂದು ಚುಚ್ಚುಮದ್ದು ಕೊಟ್ಟು, ಬೆಳೆಯುವ ನಾಯಿಯಾದ್ದರಿಂದ ಕ್ಯಾಲ್ಸಿಯಂ ಸಿರಪ್ ಹಾಕಿ ಎಂದರು. ಚುಚ್ಚುಮದ್ದಿನ ಬಳಿಕ ಮೂರು ದಿನ ಚೆನ್ನಾಗಿದ್ದು ಮತ್ತೆ ಶುರುವಾಯಿತು. ಪರಿಚಿತರೊಬ್ಬರು ಮನುಷ್ಯರಿಗೆ ಕೊಡುವ ನೋವಿನ ಮಾತ್ರೆಯನ್ನೇ ಅರ್ಧ ಮಾಡಿ ಕೊಡಬಹುದು ಎನ್ನುತ್ತಾರೆ. ಕೊಡುವ ಧೈರ್ಯ ನನಗೆ ಬಂದಿಲ್ಲ. ವಯಸ್ಸಿನ ತೊಂದರೆ ಎಂದು ಕಾದು ನೋಡಬಹುದೇ, ಎಕ್ಸ್-ರೇ ಅಗತ್ಯವೇ, ಕ್ಯಾಲ್ಸಿಯಂ ಮುಂದುವರಿಸಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಮನೆಯಲ್ಲಿ ಮಹಡಿ ಇದೆ, ನೆಲಕ್ಕೆಲ್ಲ ನುಣುಪಾದ ಟೈಲ್ಸ್ ಹಾಕಿದೆ ಎಂಬುದನ್ನೂ ತಿಳಿಸಿಬಿಡುತ್ತೇನೆ.

ಉತ್ತರ 1 (ಪಶುವೈದ್ಯರು, ಹಾಸನ)

ನಾಯಿಯನ್ನು ಮುಟ್ಟಿ ನೋಡದೆ ಇಂಥದ್ದೇ ಕಾಯಿಲೆ ಎಂದು ಹೇಳುವುದು ಸರಿಯಲ್ಲ. ಆದರೂ ನೀವು ಬರೆದಿರುವುದರಲ್ಲಿ ಸಾಕಷ್ಟು ಸುಳಿವುಗಳಿವೆ, ಮತ್ತು ಇನ್ನೂ ಕಾದು ನೋಡುವ ಹಂತವನ್ನು ಈ ನಾಯಿ ದಾಟಿದೆ ಎಂಬುದು ನನ್ನ ಅಭಿಪ್ರಾಯ. ಕುಂಟು ಬಂದು ಹೋಗುತ್ತದೆ ಎಂದಮಾತ್ರಕ್ಕೆ ಅದರ ಕಾರಣವೂ ಬಂದು ಹೋಗುತ್ತಿದೆ ಎಂದು ತಿಳಿಯಬಾರದು. ಎಳೆಯ, ಚುರುಕಿನ ನಾಯಿ ಚೆಂಡು ಕಂಡ ಉತ್ಸಾಹದಲ್ಲಿ ನೋವನ್ನು ಮರೆತು ಓಡುತ್ತದೆ. ಮೈ ತಣ್ಣಗಾದ ಮೇಲೆ ಕೀಲು ಬಿಗಿಯುತ್ತದೆ, ಆಗ ನಿಮಗೆ ಕುಂಟು ಕಾಣುತ್ತದೆ. ಮಲಗಿ ಎದ್ದಾಗ ಹೆಚ್ಚು, ನಾಲ್ಕು ಹೆಜ್ಜೆ ನಡೆದರೆ ಕಡಿಮೆ, ಹೆಚ್ಚು ಆಡಿದ ದಿನ ಮತ್ತೆ ಹೆಚ್ಚು ಎಂಬ ಕ್ರಮ ಸಾಮಾನ್ಯವಾಗಿ ಕೀಲಿನ ಕಡೆಗೇ ಕೈತೋರುತ್ತದೆ.

ಈ ವಯಸ್ಸಿನ ಲ್ಯಾಬ್ರಡಾರ್ ಮುಂಗಾಲು ಕುಂಟಿದರೆ ನಾನು ಮೊದಲು ಅನುಮಾನಿಸುವುದು ಮೊಣಕೈ ಕೀಲನ್ನು. ಎಲ್ಬೋ ಡಿಸ್‌ಪ್ಲೇಸಿಯಾ ಎಂದು ಕರೆಯುವ ಈ ದೋಷದಲ್ಲಿ ಮುಂಗಾಲಿನ ಮೂಳೆಗಳು ಕೀಲಿನಲ್ಲಿ ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳದೆ ಬೆಳೆಯುತ್ತವೆ. ಕೀಲಿನ ಒಳಬದಿಯಲ್ಲಿರುವ ಮೂಳೆಯ ಒಂದು ಸಣ್ಣ ಮೂಲೆಯ ಮೇಲೆ ಹೊರೆ ಹೆಚ್ಚಾಗಿ ಅದು ಸೀಳುತ್ತದೆ ಅಥವಾ ತುಂಡಾಗುತ್ತದೆ. ನಾಯಿ ತನ್ನ ದೇಹದ ತೂಕದಲ್ಲಿ ಸುಮಾರು 60 ಶೇಕಡಾವನ್ನು ಮುಂಗಾಲುಗಳ ಮೇಲೆಯೇ ಹೊರುವುದರಿಂದ, ವೇಗವಾಗಿ ಓಡಿ ಚೆಂಡಿನ ಮುಂದೆ ಗಕ್ಕನೆ ನಿಲ್ಲುವಾಗ ಆ ಮೂಲೆಯ ಮೇಲೆ ಬೀಳುವ ಒತ್ತಡ ಬಹಳ. ಈ ದೋಷ ಅನೇಕ ನಾಯಿಗಳಲ್ಲಿ ಎರಡೂ ಮೊಣಕೈಗಳಲ್ಲಿರುತ್ತದೆ, ಆಗ ಕುಂಟುವುದರ ಬದಲು ಹೆಜ್ಜೆಯೇ ಗಿಡ್ಡದಾಗಿ, ಪಾದಗಳು ಹೊರಕ್ಕೆ ತಿರುಗಿ, ನೋಡುವವರಿಗೆ ನಡಿಗೆಯೇ ಹಾಗೆಂದು ಅನಿಸಿಬಿಡುತ್ತದೆ.

ಎರಡನೆಯದು ಭುಜದ ಕೀಲಿನ ಮೃದ್ವಸ್ಥಿಯ ದೋಷ. ನಾಲ್ಕರಿಂದ ಹತ್ತು ತಿಂಗಳೊಳಗೆ, ಬೇಗ ಬೇಗ ಬೆಳೆಯುವ ದೊಡ್ಡ ತಳಿಗಳ ಗಂಡುನಾಯಿಗಳಲ್ಲಿ ಇದು ಹೆಚ್ಚು. ಕಾಲನ್ನು ಮುಂದಕ್ಕೆ ಚಾಚಿ ಎಳೆದಾಗ ನಾಯಿ ಬಿಗಿಹಿಡಿಯುತ್ತದೆ. ಮೂರನೆಯದು ಪ್ಯಾನೋಸ್ಟಿಯೈಟಿಸ್, ಅಂದರೆ ಉದ್ದ ಮೂಳೆಗಳ ಒಳಭಾಗದ ಉರಿಯೂತ. ಜರ್ಮನ್ ಶೆಫರ್ಡ್‌ನಲ್ಲಿ ಹೆಚ್ಚಾಗಿ ಕಂಡರೂ ಲ್ಯಾಬ್ರಡಾರ್‌ನಲ್ಲೂ ಅಪರೂಪವಲ್ಲ. ಸಾಮಾನ್ಯವಾಗಿ ಐದರಿಂದ ಹದಿನೆಂಟು ತಿಂಗಳ ವಯಸ್ಸಿನಲ್ಲಿ ಬರುವ ಇದರ ಗುರುತೆಂದರೆ ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುವುದು, ಮೂಳೆಯ ನಡುಭಾಗವನ್ನು ಬೆರಳಿನಿಂದ ಒತ್ತಿದರೆ ನಾಯಿ ಥಟ್ಟನೆ ಕಾಲೆಳೆದುಕೊಳ್ಳುವುದು. ಬೆಳವಣಿಗೆ ಮುಗಿಯುತ್ತಿದ್ದಂತೆ ಇದು ತಾನಾಗಿಯೇ ನಿಲ್ಲುತ್ತದೆ. "ವಯಸ್ಸಿನ ತೊಂದರೆ, ತಾನೇ ಹೋಗುತ್ತದೆ" ಎಂಬ ಮಾತು ಜನರಲ್ಲಿ ಹಬ್ಬಿರುವುದು ಬಹುಶಃ ಈ ಒಂದು ಕಾಯಿಲೆಯಿಂದ. ನಿಮ್ಮ ನಾಯಿಯ ವಿಷಯದಲ್ಲಿ ಒಂದೂವರೆ ತಿಂಗಳಾದರೂ ಕುಂಟು ಅದೇ ಕಾಲಿನಲ್ಲಿ ನಿಂತಿರುವುದರಿಂದ ಆ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ.

ಔಷಧದ ಬಗ್ಗೆ. ಮನುಷ್ಯರ ನೋವಿನ ಮಾತ್ರೆಯನ್ನು ನೀವು ಕೊಡದೆ ಉಳಿದದ್ದು ಬಹಳ ಒಳ್ಳೆಯದಾಯಿತು. ಡೈಕ್ಲೋಫಿನಾಕ್ ಮತ್ತು ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೂ ಕೆಂಪು ರಕ್ತಕಣಗಳಿಗೂ ಅಪಾಯ. ನಾಯಿಗಳಿಗೆಂದೇ ಬಳಸುವ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ಗಳನ್ನು ಕೂಡ ತೂಕ ನೋಡಿ ವೈದ್ಯರೇ ಬರೆಯಬೇಕು. ಅದಕ್ಕಿಂತ ಮುಖ್ಯವಾಗಿ, ಕಾರಣ ತಿಳಿಯುವ ಮೊದಲೇ ನೋವು ಮರೆಸಿ ನಾಯಿಯನ್ನು ಮೈದಾನಕ್ಕೆ ಬಿಟ್ಟರೆ, ಸೀಳಿರುವ ಕೀಲಿನ ಮೇಲೆಯೇ ಅದು ಓಡುತ್ತದೆ.

ಕ್ಯಾಲ್ಸಿಯಂ ಸಿರಪ್ ನಿಲ್ಲಿಸಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಒಳ್ಳೆಯ ಸಿದ್ಧ ಆಹಾರ ತಿನ್ನುವ ಮರಿಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲೇ ಇರುತ್ತದೆ. ಎಳೆಯ ಮರಿಗಳ ಕರುಳಿಗೆ ಹೆಚ್ಚಿನ ಕ್ಯಾಲ್ಸಿಯಂ ಹೀರದಂತೆ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಕಿದ್ದರಲ್ಲಿ ಬಹುಪಾಲು ಒಳಗೆ ಹೋಗಿ, ಮೃದ್ವಸ್ಥಿ ಮೂಳೆಯಾಗುವ ಕ್ರಮವನ್ನೇ ಏರುಪೇರು ಮಾಡುತ್ತದೆ. ದೊಡ್ಡ ತಳಿಯ ಮರಿಗಳಲ್ಲಿ ಕೀಲು ದೋಷಗಳನ್ನು ಹೆಚ್ಚಿಸುವ ಸಂಗತಿಗಳಲ್ಲಿ ಇದೂ ಒಂದು. ಮನೆಯ ಅನ್ನ, ಮಾಂಸದ ಮೇಲೆಯೇ ಬೆಳೆಯುವ ಮರಿಯ ಲೆಕ್ಕ ಬೇರೆ, ಅದನ್ನು ವೈದ್ಯರು ಆಹಾರ ನೋಡಿ ಹೇಳಬೇಕು.

ಆಸ್ಪತ್ರೆಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಕ್ಲಿನಿಕ್‌ನ ಮೇಜಿನ ಮೇಲೆ ಹೆದರಿದ ನಾಯಿ ಎಂದೂ ಕುಂಟುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ, ಒರಟಾದ ನೆಲದ ಮೇಲೆ, ಹಗ್ಗ ಸಡಿಲವಾಗಿ ಹಿಡಿದು ಸಣ್ಣ ಓಟದಲ್ಲಿ ನೇರವಾಗಿ ನಡೆಸುತ್ತ, ಇನ್ನೊಬ್ಬರಿಂದ ಪಕ್ಕದಿಂದಲೂ ಎದುರಿನಿಂದಲೂ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಸಿ. ತಲೆಯನ್ನು ಗಮನಿಸಿ: ನೋವಿರುವ ಮುಂಗಾಲು ನೆಲಕ್ಕೆ ಊರುವಾಗ ನಾಯಿ ತಲೆಯನ್ನು ಮೇಲಕ್ಕೆತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಲೆ ತಗ್ಗುತ್ತದೆ. ಎಡಗಾಲೆಂದು ತಿಳಿದು ಬಂದವರಲ್ಲಿ ಎಷ್ಟೋ ಮಂದಿಗೆ ನೋವು ಬಲಗಾಲಿನಲ್ಲಿದೆ ಎಂದು ನಾನು ವಿಡಿಯೋ ನೋಡಿಯೇ ತೋರಿಸಿಕೊಟ್ಟಿದ್ದೇನೆ.

ಅಲ್ಲಿಯವರೆಗೆ ಚೆಂಡಾಟ, ಮಹಡಿ ಮೆಟ್ಟಿಲು, ಸೋಫಾದಿಂದ ಜಿಗಿತ, ಇತರ ನಾಯಿಗಳೊಂದಿಗೆ ಸೆಣಸಾಟ ಎಲ್ಲವೂ ನಿಲ್ಲಲಿ. ಹಗ್ಗ ಕಟ್ಟಿಕೊಂಡು ಹತ್ತು ಹದಿನೈದು ನಿಮಿಷದ ನಡಿಗೆ, ದಿನಕ್ಕೆ ಎರಡು ಮೂರು ಬಾರಿ, ಸಾಕು. ಕಾಲನ್ನು ನೆಲಕ್ಕೇ ಊರದಿದ್ದರೆ, ಕೀಲು ಊದಿಕೊಂಡರೆ, ಜ್ವರ ಬಂದು ಊಟ ಬಿಟ್ಟರೆ ಒಂದು ದಿನವೂ ತಡಮಾಡಬೇಡಿ.

ಉತ್ತರ 2 (ಮುಧೋಳ ತಾಲ್ಲೂಕಿನಿಂದ)

ಡಾಕ್ಟರು ಹೇಳಿದ್ದಕ್ಕೆ ನನ್ನ ವಿರೋಧವಿಲ್ಲ. ಆದರೆ ಕೀಲಿನ ಮಾತಿಗೆ ಹೋಗುವ ಮುನ್ನ ಪಾದವನ್ನು ನೋಡಿದ್ದೀರಾ ಎಂದು ಕೇಳಬೇಕೆನಿಸಿತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬೇಟೆ ನಾಯಿಗಳಿವೆ. ಮುಧೋಳ ನಾಯಿ ಓಟಕ್ಕೇ ಹುಟ್ಟಿದ್ದು. ಎಳೆಯ ನಾಯಿಗಳು ಮೊಲದ ವಾಸನೆ ಹಿಡಿದು ಕಬ್ಬು ಕಡಿದ ಹೊಲಕ್ಕೆ ನುಗ್ಗಿದರೆ ಕೂಳೆಯ ಮೊನೆಗೆ ಪಾದ ಸೀಳುವುದು, ಬದುವಿನ ಜಾಲಿಮುಳ್ಳು ಹೊಗುವುದು, ಉಗುರು ಬುಡದಲ್ಲಿ ಒಡೆಯುವುದು ಇಲ್ಲಿ ನಿತ್ಯದ ಮಾತು. ಇವುಗಳಿಂದಲೂ ಕುಂಟು ಬಂದು ಹೋಗುತ್ತದೆ. ಮೆತ್ತನೆಯ ಮಣ್ಣಿನ ಮೇಲೆ ಸರಿಯಾಗಿ ನಡೆದ ನಾಯಿ ಜಲ್ಲಿಯ ಮೇಲೆ ಕುಂಟಿದರೆ ನಾವು ಮೊದಲು ಪಾದವನ್ನೇ ಹಿಡಿಯುತ್ತೇವೆ.

ನೋಡುವುದಕ್ಕೂ ಒಂದು ಕ್ರಮವಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಪಾದವನ್ನು ಐದು ನಿಮಿಷ ನೆನೆಸಿ, ಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಬೇಕು. ಒಂದೊಂದು ಬೆರಳನ್ನೂ ಅಗಲಿಸಿ ನಡುವಿನ ಚರ್ಮವನ್ನು ನೋಡಬೇಕು. ನಾಯಿ ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಕಂದುಬಣ್ಣಕ್ಕೆ ತಿರುಗಿದ್ದರೆ ಅದೇ ಜಾಗ. ನಮ್ಮ ಹೆಣ್ಣುನಾಯಿ ಒಂದು ಮಳೆಗಾಲವೆಲ್ಲ ಹೀಗೆ ಆಗೊಮ್ಮೆ ಈಗೊಮ್ಮೆ ಕುಂಟಿತು. ಪಾದದ ದೊಡ್ಡ ಮೆತ್ತೆಯ ಅಂಚಿನಲ್ಲಿ ಎಳ್ಳಿನ ಕಾಳಿನಷ್ಟು ಕಪ್ಪು ಚುಕ್ಕೆ ಮಾತ್ರ ಕಾಣುತ್ತಿತ್ತು, ಒತ್ತಿದರೆ ಸುತ್ತಲಿನ ಚರ್ಮ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಡಾಕ್ಟರು ಮರಗಟ್ಟುವ ಔಷಧ ಕೊಟ್ಟು ಬಿಡಿಸಿದಾಗ ಒಳಗೆ ಅಡ್ಡಲಾಗಿ ಮುರಿದು ಕುಳಿತಿದ್ದ ಮುಳ್ಳು ಕೀವಿನೊಂದಿಗೆ ಹೊರಬಂತು. ಅಂಥದ್ದನ್ನು ಮನೆಯಲ್ಲಿ ಪಿನ್ನು ಹಾಕಿ ಕೆದಕಬೇಡಿ, ಮುಳ್ಳು ಇನ್ನೂ ಒಳಕ್ಕೆ ಹೋಗುತ್ತದೆ.

ನಮ್ಮ ನಾಯಿಗಳಲ್ಲಿ ಡಾಕ್ಟರು ಹೇಳಿದ ಕೀಲಿನ ಹುಟ್ಟುದೋಷಗಳು ಕಡಿಮೆ. ಓಟದ ಭರದಲ್ಲಿ ಸ್ನಾಯು ಹರಿಯುವುದು, ಬೆರಳಿನ ಕೀಲು ತಪ್ಪುವುದು ಹೆಚ್ಚು. ಆದರೆ ಹೊಲದಲ್ಲಿ ಬೆಳೆದ ನಾಯಿಗೂ ಒಂದು ವರ್ಷ ತುಂಬುವವರೆಗೆ ಸೈಕಲ್ಲು, ಬೈಕಿನ ಹಿಂದೆ ಓಡಿಸಲು ಹಿರಿಯರು ಬಿಡುತ್ತಿರಲಿಲ್ಲ. ಇಲ್ಲಿಗೆ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ತಳಿಯನ್ನು ಸಾಕುವವರು ಅಲ್ಲಿ ವಿಚಾರಿಸಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಪಾದವನ್ನು ಹೇಳಿದ ಕ್ರಮದಲ್ಲೇ ನೋಡಿದೆವು: ಮುಳ್ಳು, ಗಾಯ ಏನೂ ಇಲ್ಲ, ಉಗುರುಗಳೂ ಸರಿಯಾಗಿವೆ. ಆದರೆ ಬೆರಳುಗಳ ಸಂದಿಯಲ್ಲಿ ಎರಡು ಮತ್ತು ಕಿವಿಯ ಮಡಿಕೆಯಲ್ಲಿ ಒಂದು ಉಣ್ಣೆ ಸಿಕ್ಕಿತು. ವಿಡಿಯೋವನ್ನು ನಿಧಾನವಾಗಿ ಓಡಿಸಿ ನೋಡಿದಾಗ ಎಡಗಾಲು ಊರುವಾಗಲೇ ತಲೆ ಮೇಲಕ್ಕೇಳುವುದು ಕಂಡಿತು. ಎದುರಿನಿಂದ ತೆಗೆದದ್ದರಲ್ಲಿ ಎರಡೂ ಪಾದಗಳು ಸ್ವಲ್ಪ ಹೊರಕ್ಕೆ ತಿರುಗಿವೆ. ಉಣ್ಣೆಯಿಂದಲೂ ಕುಂಟು ಬರುತ್ತದೆಯೇ? ಎಕ್ಸ್-ರೇಗೆ ಮತ್ತು ಬರಿಸಬೇಕೆಂದು ಕೇಳಿ ಮನೆಯವರೆಲ್ಲ ಹೆದರಿದ್ದಾರೆ, ಅದು ಅನಿವಾರ್ಯವೇ?

ಉತ್ತರ 3 (ಪಶುವೈದ್ಯರು, ಹಾಸನ)

ಉಣ್ಣೆಯಿಂದಲೂ ಬರುತ್ತದೆ, ಮತ್ತು ನಮ್ಮ ನಾಡಿನಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಕಂದು ಉಣ್ಣೆ ಹರಡುವ ಎರ್ಲಿಕಿಯಾ ಸೋಂಕಿನಲ್ಲಿ ಕೆಲವು ನಾಯಿಗಳಿಗೆ ಹಲವು ಕೀಲುಗಳು ಒಟ್ಟಿಗೆ ನೋಯುತ್ತವೆ. ಇಂದು ಒಂದು ಕಾಲು, ನಾಳೆ ಇನ್ನೊಂದು, ಜೊತೆಗೆ ಜ್ವರ, ಮಂಕು, ಒಸಡು ಬಿಳಿಚುವುದು, ಕೆಲವೊಮ್ಮೆ ಮೂಗಿನಿಂದ ರಕ್ತ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿದಿರುತ್ತದೆ. ಖಚಿತವಾದರೆ ಡಾಕ್ಸಿಸೈಕ್ಲಿನ್ ಅನ್ನು ಸಾಮಾನ್ಯವಾಗಿ 28 ದಿನ ಪೂರ್ತಿ ಕೊಡಬೇಕು. ನಾಲ್ಕು ದಿನಕ್ಕೆ ನಾಯಿ ಚುರುಕಾಯಿತೆಂದು ಮಾತ್ರೆ ಬಿಡಬಾರದು. ಭೀಮ ಲವಲವಿಕೆಯಿಂದಿದ್ದು ಊಟ ಮಾಡುತ್ತಿರುವುದರಿಂದ ಇದು ಮುಖ್ಯ ಕಾರಣವೆಂದು ನನಗೆ ಅನ್ನಿಸುವುದಿಲ್ಲ, ಆದರೂ ಮತ್ತು ಬರಿಸುವ ಮುನ್ನ ರಕ್ತಪರೀಕ್ಷೆ ಹೇಗೂ ಬೇಕು, ಅದರಲ್ಲೇ ಇದನ್ನೂ ನೋಡಿಸಿ. ಮನೆಯಲ್ಲಿ ಉಷ್ಣಮಾಪಕವಿದ್ದರೆ ಗುದದ್ವಾರದ ಉಷ್ಣತೆ ಅಳೆಯಿರಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ.

ಪಾದಗಳು ಹೊರಕ್ಕೆ ತಿರುಗಿರುವುದು ನನ್ನ ಮೊದಲ ಅನುಮಾನಕ್ಕೆ ಬಲ ಕೊಡುತ್ತದೆ. ಎರಡೂ ಮೊಣಕೈ, ಎರಡೂ ಭುಜಗಳ ಚಿತ್ರ ತೆಗೆಸಿ, ನೋವಿರುವ ಒಂದನ್ನೇ ಅಲ್ಲ. ಮೊಣಕೈಯನ್ನು ಪೂರ್ತಿ ಮಡಚಿ ತೆಗೆದ ಒಂದು ಚಿತ್ರ ಇರಲೇಬೇಕೆಂದು ಕೇಳಿ, ಏಕೆಂದರೆ ಸವೆತದ ಮೊದಲ ಗುರುತುಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಎಚ್ಚರವಿರುವ 34 ಕಿಲೋ ನಾಯಿಯನ್ನು ಮೂರು ಜನ ಅದುಮಿ ಹಿಡಿದರೆ ಚಿತ್ರ ಅಲುಗಾಡುತ್ತದೆ, ನಾಯಿಗೂ ನೋವು, ಹಿಡಿದವರಿಗೆ ವಿಕಿರಣ. ಆರೋಗ್ಯವಂತ ಎಳೆಯ ನಾಯಿಗೆ ಈ ಮಟ್ಟಿನ ಮತ್ತಿನಲ್ಲಿ ಅಪಾಯ ಬಹಳ ಕಡಿಮೆ. ವೈದ್ಯರು ಹೇಳಿದಷ್ಟು ಹೊತ್ತು ಹೊಟ್ಟೆ ಖಾಲಿ ಇಟ್ಟು ಕರೆದೊಯ್ದರೆ ಸಾಕು. ಇನ್ನೊಂದು ಲಾಭವೂ ಇದೆ, ಸ್ನಾಯುಗಳು ಸಡಿಲಗೊಂಡಾಗ ಒಂದೊಂದು ಕೀಲನ್ನೂ ಮಡಚಿ ಚಾಚಿ ಸರಿಯಾಗಿ ಪರೀಕ್ಷಿಸಬಹುದು. ಅದೇ ಮತ್ತಿನಲ್ಲಿ ಸೊಂಟದ ಕೀಲುಗಳ ಚಿತ್ರವನ್ನೂ ತೆಗೆಸಿಬಿಡಿ. ಈ ತಳಿಯಲ್ಲಿ ಆ ದೋಷವೂ ಸಾಮಾನ್ಯ, ಮತ್ತು ಹಿಂಗಾಲು ನೋಯುವ ನಾಯಿ ಹೊರೆಯನ್ನು ಮುಂದಕ್ಕೆ ಹಾಕಿ ಮುಂಗಾಲನ್ನು ದಣಿಸುತ್ತದೆ.

ಎಕ್ಸ್-ರೇ ಸ್ವಚ್ಛವಾಗಿದೆ ಎಂದಾಕ್ಷಣ ಮೊಣಕೈ ನಿರ್ದೋಷಿಯಲ್ಲ. ಒಳಬದಿಯ ಆ ಸಣ್ಣ ತುಂಡು ಇತರ ಮೂಳೆಗಳ ನೆರಳಿನಲ್ಲಿ ಮರೆಯಾಗುತ್ತದೆ. ಕುಂಟು ಮುಂದುವರಿದರೆ ಸಿಟಿ ಸ್ಕ್ಯಾನ್ ಬೇಕಾಗಬಹುದು. ಇಂಥ ಪ್ರಕರಣಗಳಿಗೆ ಬೆಂಗಳೂರಿನ ಹೆಬ್ಬಾಳ ಅಥವಾ ನಮ್ಮ ಹಾಸನದ ಪಶುವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ತೂಕದ ಬಗ್ಗೆಯೂ ಒಂದು ಮಾತು, ಏಕೆಂದರೆ ಚಿಕಿತ್ಸೆಯಲ್ಲಿ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಭಾಗ ಇದು. ಬೆಳೆದು ನಿಂತ ಗಂಡು ಲ್ಯಾಬ್ರಡಾರ್ ಸುಮಾರು 29ರಿಂದ 36 ಕಿಲೋ ತೂಗುತ್ತದೆ. ಹತ್ತು ತಿಂಗಳಿಗೇ 34 ಎಂದರೆ ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುತ್ತಿದೆಯೇ ಎಂದು ನೋಡಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿಗಳಾಗಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಆಹಾರ ಕೊಟ್ಟು ಜೀವನಪರ್ಯಂತ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಕೀಲುಸವೆತ ಅವುಗಳಲ್ಲಿ ಕಡಿಮೆಯಿತ್ತು, ತಡವಾಗಿ ಬಂತು. ನಾಯಿಯನ್ನು ತೆಳ್ಳಗೆ ಇಡಲು ಯಾವ ಔಷಧವೂ ಬೇಕಿಲ್ಲ.

ಉತ್ತರ 4 (ಬೆಂಗಳೂರಿನಿಂದ)

ನಮ್ಮ ಲ್ಯಾಬ್ರಡಾರ್ ಹೆಣ್ಣುನಾಯಿಗೆ ಇದೇ ವಯಸ್ಸಿನಲ್ಲಿ ಇದೇ ಲಕ್ಷಣಗಳಿದ್ದು, ಕೊನೆಗೆ ಬಲ ಮೊಣಕೈಯಲ್ಲಿ ದೋಷವೆಂದು ಸಿಟಿಯಲ್ಲಿ ತಿಳಿದು, ಸಣ್ಣ ರಂಧ್ರದ ಮೂಲಕ ಕೀಲಿನೊಳಗೆ ಪುಟ್ಟ ಕ್ಯಾಮೆರಾ ಹಾಕಿ ಆ ತುಂಡನ್ನು ತೆಗೆಸಿದೆವು. ಈಗ ಅವಳಿಗೆ ಆರು ವರ್ಷ. ಕೀಲಿನಲ್ಲಿ ಸವೆತ ಇದ್ದೇ ಇದೆ, ಶಸ್ತ್ರಚಿಕಿತ್ಸೆ ಅದನ್ನು ಪೂರ್ತಿ ಅಳಿಸುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಚಳಿಗಾಲದ ಬೆಳಗುಗಳನ್ನು ಬಿಟ್ಟರೆ ಅವಳು ಕುಂಟುವುದಿಲ್ಲ. ಮೇಡಂ, ನೀವು ಹೆದರಬೇಡಿ, ಆದರೆ ತಡವನ್ನೂ ಮಾಡಬೇಡಿ.

ಟೈಲ್ಸ್ ನೆಲದ ಬಗ್ಗೆ ಯಾರೂ ಬರೆಯಲಿಲ್ಲ. ಅವಳು ಓಡಾಡುವ ದಾರಿಯುದ್ದಕ್ಕೂ, ಊಟದ ತಟ್ಟೆಯ ಮುಂದೆ, ಮಲಗುವ ಜಾಗದಿಂದ ಬಾಗಿಲವರೆಗೆ ಹಿಂಬದಿ ರಬ್ಬರ್ ಇರುವ ಚಾಪೆಗಳನ್ನು ಹಾಸಿದೆವು. ಪಾದದಡಿಯ ಮೆತ್ತೆಗಳ ನಡುವೆ ಬೆಳೆಯುವ ಕೂದಲನ್ನು ಕತ್ತರಿಸಿ, ಉಗುರು ಗಿಡ್ಡವಾಗಿಟ್ಟರೆ ಜಾರುವುದು ಬಹಳ ಕಡಿಮೆಯಾಗುತ್ತದೆ. ಮೆಟ್ಟಿಲಿಗೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಹಾಕಿಸಿ. ನಾರ್ವೆಯಲ್ಲಿ ನಡೆದ ಅಧ್ಯಯನವೊಂದರಲ್ಲಿ ಹುಟ್ಟಿನಿಂದ ಮೂರು ತಿಂಗಳವರೆಗೆ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚಾಗಿಯೂ, ಮೆತ್ತನೆಯ ಏರಿಳಿತದ ಮಣ್ಣಿನಲ್ಲಿ ಸ್ವಚ್ಛಂದವಾಗಿ ಅಡ್ಡಾಡಿದವುಗಳಲ್ಲಿ ಕಡಿಮೆಯಾಗಿಯೂ ಕಂಡುಬಂದಿತ್ತು ಎಂದು ಓದಿದ ಮೇಲೆ, ಮುಂದೆ ಮರಿ ತರುವವರಿಗೆಲ್ಲ ನಾನು ಇದನ್ನು ಹೇಳುತ್ತಿರುತ್ತೇನೆ. ಹಾಗೆಯೇ, ಮರಿ ಮಾರುವವರ ಬಳಿ ವಂಶಾವಳಿಯ ಪತ್ರದ ಜೊತೆಗೆ ತಾಯಿ ತಂದೆಯ ಸೊಂಟ ಮತ್ತು ಮೊಣಕೈಗಳ ಎಕ್ಸ್-ರೇ ವರದಿಯನ್ನೂ ಕೇಳಿ. ಕೇಳುವವರು ಹೆಚ್ಚಿದರೆ ಮಾತ್ರ ಮಾಡಿಸುವವರೂ ಹೆಚ್ಚುತ್ತಾರೆ. ಇಷ್ಟು ಜನ ಲ್ಯಾಬ್ರಡಾರ್ ಸಾಕುವ ನಾಡಿನಲ್ಲಿ ಇದು ಇನ್ನೂ ರೂಢಿಯಾಗಿಲ್ಲವೆಂಬ ನೋವು ನನಗಿದೆ.

ಓಟ ನಿಲ್ಲಿಸಿದರೆ ನಾಯಿ ಮನೆಯನ್ನೇ ತಲೆಕೆಳಗು ಮಾಡುತ್ತದೆ ಎಂಬ ಚಿಂತೆ ನಿಮಗೂ ಬರುತ್ತದೆ. ದಿನದ ಆಹಾರದ ಕಾಳುಗಳನ್ನು ತಟ್ಟೆಗೆ ಹಾಕದೆ ಹಳೆಯ ಟವೆಲಿನ ಮಡಿಕೆಗಳಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ ಅಡಗಿಸಿ ಹುಡುಕಲು ಬಿಡಿ. ಇಪ್ಪತ್ತು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಅವಳು ಮಲಗಿ ನಿದ್ದೆ ಮಾಡುತ್ತಿದ್ದಳು.

ಪ್ರಶ್ನೆ ಕೇಳಿದವರು

ಎರಡೂ ಮೊಣಕೈ, ಭುಜ ಮತ್ತು ಸೊಂಟದ ಎಕ್ಸ್-ರೇಗೆ ಮುಂದಿನ ವಾರ ದಿನ ಗೊತ್ತುಮಾಡಿಕೊಂಡಿದ್ದೇವೆ, ರಕ್ತಪರೀಕ್ಷೆಯೂ ಅಂದೇ. ಕ್ಯಾಲ್ಸಿಯಂ ನಿಲ್ಲಿಸಿದ್ದೇನೆ. ಇನ್ನೊಂದು ಪ್ರಶ್ನೆ ಉಳಿದಿದೆ ಡಾಕ್ಟರೇ: ಇದೇ ತಿಂಗಳು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದಿದ್ದೆವು. ಒಂದೇ ಮತ್ತಿನಲ್ಲಿ ಎರಡನ್ನೂ ಮುಗಿಸಬಹುದೇ?

ಉತ್ತರ 5 (ಪಶುವೈದ್ಯರು, ಹಾಸನ)

ಸದ್ಯಕ್ಕೆ ಬೇಡ. ದೊಡ್ಡ ತಳಿಯ ನಾಯಿಗಳ ಮೂಳೆಯ ತುದಿಗಳಲ್ಲಿರುವ ಬೆಳವಣಿಗೆಯ ಪದರಗಳು ಮುಚ್ಚಿಕೊಳ್ಳುವುದರಲ್ಲಿ ಲೈಂಗಿಕ ಹಾರ್ಮೋನುಗಳ ಪಾತ್ರವಿದೆ. ಬೇಗನೆ ಸಂತಾನಹರಣ ಮಾಡಿದ ಲ್ಯಾಬ್ರಡಾರ್‌ಗಳಲ್ಲಿ, ಅದರಲ್ಲೂ ಆರು ತಿಂಗಳೊಳಗೆ ಮಾಡಿದವುಗಳಲ್ಲಿ, ಕೀಲಿನ ತೊಂದರೆಗಳು ಹೆಚ್ಚೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ಭೀಮ ಆ ವಯಸ್ಸನ್ನು ದಾಟಿದ್ದರೂ ಬೆಳವಣಿಗೆ ಇನ್ನೂ ಮುಗಿದಿಲ್ಲ. ಜೊತೆಗೆ, ಆ ಶಸ್ತ್ರಚಿಕಿತ್ಸೆಯ ಬಳಿಕ ತೂಕ ಬೇಗ ಏರುತ್ತದೆ, ಅದು ಈಗ ನಮಗೆ ಬೇಡವಾದದ್ದೇ. ಬೀದಿಗೆ ಬಿಡದೆ ಹಗ್ಗದಲ್ಲಿ ಓಡಾಡಿಸುವ ಗಂಡುನಾಯಿಯಾದ್ದರಿಂದ ಅವಸರವೇನೂ ಇಲ್ಲ. ಕಾಲಿನ ವಿಷಯ ಇತ್ಯರ್ಥವಾಗಲಿ, ಒಂದೂವರೆ ವರ್ಷದ ಹೊತ್ತಿಗೆ ನೋಡೋಣ. ಎಕ್ಸ್-ರೇ ಚಿತ್ರಗಳು ಕೈಗೆ ಬಂದಾಗ ವರದಿಯೊಂದಿಗೆ ಮೂಲ ಚಿತ್ರಗಳನ್ನೂ ಕೇಳಿ ಪಡೆದುಕೊಳ್ಳಿ. ಮುಂದೆ ಯಾವ ತಜ್ಞರ ಬಳಿ ಹೋದರೂ ಅವರು ಮೊದಲು ಕೇಳುವುದು ಅವನ್ನೇ.